ಪೇಂಟರ್ ಚಿಕ್ಕಸಿದ್ದಯ್ಯನ ಸ್ವಂತ ಮಾತು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಕೊಳ್ಳೇಗಾಲದ ಗೋಡೆಗಳ ಮೇಲೆ ಏನೇ ಬರೆದಿದ್ದರೂ ಅದು ಬಹುಮಟ್ಟಿಗೆ ಪೇಂಟರ್ ಚಿಕ್ಕಸಿದ್ದಯ್ಯನ ಕೈಬರಹವೇ ಆಗಿರುತ್ತಿತ್ತು. ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರಿಗೂ ಅವನೇ ಬೇಕು. ಒಂದೇ ಗೋಡೆಯ ಎರಡು ತುದಿಗೆ ಇಬ್ಬರು ಎದುರಾಳಿಗಳು ಒಬ್ಬರನ್ನೊಬ್ಬರು ಹಳಿಯುವ ಮಾತುಗಳನ್ನು ಒಂದೇ ಬ್ರಷ್ಷಿನಲ್ಲಿ ಬರೆದು, ಮನೆಗೆ ಹೋಗಿ ಉಂಡು ನಿಶ್ಚಿಂತೆಯಿಂದ ಮಲಗುತ್ತಿದ್ದ. ಬರೆದವನು ತಾನಾದರೂ ಮಾತು ಬರೆಸಿದವರದು ಎಂಬ ನೆಮ್ಮದಿ ಅವನಿಗಿತ್ತು.

ವೃಷಭೇಂದ್ರಪ್ಪನವರ ರೇಷ್ಮೆ ನೂಲಿನ ಶೆಡ್ಡಿಗೆ ಹೆಸರು ಬರೆಯಲು ಹೋಗಿದ್ದಾಗ ಗೋವಿಂದಮ್ಮ ಅವನ ಹತ್ತಿರ ಬಂದಳು. ಕುದಿಯುವ ನೀರಿನೊಳಗೆ ಕೈ ಆಡಿಸಿ, ರೇಷ್ಮೆ ಗೂಡುಗಳಿಂದ ಎಳೆ ಹುಡುಕಿ ತೆಗೆಯುವ ಹೆಂಗಸರಲ್ಲಿ ಅವಳೊಬ್ಬಳು. ಬೆರಳ ತುದಿಗಳು ಬಿಳಿಚಿಕೊಂಡು ಚರ್ಮ ಸುಲಿದಿತ್ತು.

"ಸಿದ್ದಣ್ಣ, ‘ಬೇಯ್ತವೆ’ ಅಂತ ಬರಿಯೋದು ಎಂಗೆ?"

"ಏನವ್ವ ಬೇಯ್ತವೆ?"

"ಕೈ."

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಒತ್ತಕ್ಷರ ಎಂದರೆ ತಡವರಿಸುತ್ತಿದ್ದಳು. ಚಿಕ್ಕಸಿದ್ದಯ್ಯ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಅವಳು ಅದರ ಮೇಲೆಯೇ ಮೂರು ಸಲ ಬೆರಳಾಡಿಸಿ ತಿದ್ದಿದಳು. ಯಾತಕ್ಕೆ ಎಂದು ಅವನು ಕೇಳಲಿಲ್ಲ, ಏಕೆಂದರೆ ಅವನಿಗೆ ಗೊತ್ತಾಗಿತ್ತು. ಮಿಕ್ಕಿದ್ದ ಕೆಂಪು ಬಣ್ಣದ ಡಬ್ಬಿಯನ್ನೂ ಒಂದು ಹಳೆಯ ಬ್ರಷ್ಷನ್ನೂ ತಾನಾಗಿಯೇ ಕೊಟ್ಟ. ಆ ದಿನವೆಲ್ಲ ಅವನಿಗೆ ಏನೋ ಹುರುಪು.

ಎರಡು ದಿನ ಕಳೆದ ಮೇಲೆ, ಮಾಲೀಕರ ಹೆಸರಿನ ಕೆಳಗೆ ಸೊಟ್ಟ ಸೊಟ್ಟ ಕೆಂಪು ಅಕ್ಷರಗಳು ಕಾಣಿಸಿಕೊಂಡವು: "ಒಳಗೆ ನಮ್ಮ ಕೈ ಬೇಯ್ತವೆ." ಗೂಡಿನ ಮಾರುಕಟ್ಟೆಗೆ ಹೊರಟವರು ನಿಂತು ಓದಿದರು. ಓದು ಬಾರದವರು ಓದಿಸಿಕೊಂಡರು. ಊರೆಲ್ಲ ಅದೇ ಮಾತಾಯಿತು.

ವೃಷಭೇಂದ್ರಪ್ಪ ಚಿಕ್ಕಸಿದ್ದಯ್ಯನಿಗೆ ಹೇಳಿ ಕಳಿಸಿದರು. ದನಿ ಏರಿಸಲಿಲ್ಲ.

"ಬಣ್ಣ ನಿಂದು ಕಣಯ್ಯ. ಬರ್ದೋರು ಯಾರು?"

ಕಳವಾಯಿತು ಎನ್ನಬಹುದಿತ್ತು. ಗೊತ್ತಿಲ್ಲ ಎಂದರೂ ನಡೆಯುತ್ತಿತ್ತು. ಆದರೆ ಊರಿನ ದೊಡ್ಡ ಗೋಡೆಗಳೆಲ್ಲ ಇವರವು, ಇಲ್ಲವೇ ಇವರ ನೆಂಟರವು ಎಂಬುದೊಂದೇ ಆ ಗಳಿಗೆಯಲ್ಲಿ ಅವನ ತಲೆಗೆ ಹೊಳೆದದ್ದು.

"ಗೋವಿಂದಮ್ಮ, ಬುದ್ಧಿ. ಬಣ್ಣ ಈಸ್ಕಂಡೋಗಿದ್ಲು."

ಅಕ್ಷರ ಹೇಳಿಕೊಟ್ಟವನು ತಾನೆಂಬುದನ್ನು ನುಂಗಿಕೊಂಡ.

ಸುಣ್ಣ ಬಳಿಯುವ ಕೆಲಸವೂ ಅವನಿಗೇ ಬಂತು. ಬಳಿಯುತ್ತಿರುವಾಗಲೇ ಗೋವಿಂದಮ್ಮನನ್ನು ಹೊರಗೆ ಹಾಕಿದರು. ಬುತ್ತಿಯ ಗಂಟು ಹಿಡಿದು ಬಂದವಳು ಏಣಿಯ ಬುಡದಲ್ಲಿ ನಿಂತಳು.

"ಓಯ್ತೀನಿ ಸಿದ್ದಣ್ಣ. ಅಳ್ಸಕ್ಕೂ ನಿನ್ನೇ ಕರ್ಸವ್ರಲ್ಲ, ಪಾಪ."

ಅವನು ತಿರುಗಿ ನೋಡಲಿಲ್ಲ. ಬಳಿದ ಜಾಗಕ್ಕೇ ಮತ್ತೆ ಮತ್ತೆ ಬಳಿದ.

ಆಮೇಲೆ ಕೆಲಸಕ್ಕೇನೂ ಕಡಿಮೆಯಾಗಲಿಲ್ಲ. ಕೈ ಮಾತ್ರ ಮೊದಲಿನಂತೆ ಓಡುತ್ತಿರಲಿಲ್ಲ. ಬೀಡಿಯ ಜಾಹೀರಾತು ಬರೆಯುವಾಗ ‘ಬೇ’ ಎಂಬ ಅಕ್ಷರ ಬಂದರೆ ಸಾಕು, ಬ್ರಷ್ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದ.

ಎಂಟು ತಿಂಗಳಾದ ಮೇಲೆ ಅಂಗಡಿಯೊಂದಕ್ಕೆ ಬೋರ್ಡು ಬರೆಯಲು ಹನೂರಿಗೆ ಹೋದ. ಮಾದಪ್ಪನ ಬೆಟ್ಟದ ಬಸ್ಸು ನಿಲ್ಲುವ ಕಡೆ ಗೋವಿಂದಮ್ಮ ಇಡ್ಲಿ ಮಾರುತ್ತಿದ್ದಳು. ಅವನನ್ನು ಕಂಡದ್ದೇ ಮುಖವರಳಿಸಿ ಕರೆದು, ಬಿಸಿ ಇಡ್ಲಿ ಹಾಕಿಕೊಟ್ಟಳು. ಬೆರಳು ವಾಸಿಯಾಗಿತ್ತು. ಊರಿನ ಸುದ್ದಿ ಕೇಳುತ್ತಾ ಕೇಳುತ್ತಾ ತಟ್ಟನೆ ಅವಳ ದನಿ ಗಡುಸಾಯಿತು.

"ಪುಟ್ಟಗೌರಿ ಎಂಗವ್ಳೆ? ಪಕ್ಕದಲ್ಲೇ ಕೂತ್ಕಂಡು ಕೆಲ್ಸ ಮಾಡೋಳು, ಅವ್ಳೇ ನನ್ ಎಸ್ರು ಏಳಿರೋದು. ಅವ್ಳ ಮಗಳ ಮದ್ವೆ ಚಪ್ಪರದಲ್ಲೇ ಎಲ್ಲಾರ್ ಮುಂದೆ ಉಗುದ್ಬುಟ್ಟು ಬಂದೆ."

ಪುಟ್ಟಗೌರಮ್ಮನನ್ನು ಅವನು ಬಲ್ಲ. ಗೋವಿಂದಮ್ಮನನ್ನು ಹೊರಗೆ ಹಾಕಿದ ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಅತ್ತವಳು ಅವಳೊಬ್ಬಳೇ. ಮುರಿದ ಇಡ್ಲಿಯನ್ನು ತಟ್ಟೆಗೇ ಹಾಕಿದ.

"ಗೌರಮ್ಮ ಅಲ್ಲ ಕಣವ್ವ. ನಾನು."

ಗೋವಿಂದಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ಅವನ ಕೈಯಲ್ಲಿದ್ದ ತಟ್ಟೆಯನ್ನು ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ತಪ್ಪಾಯ್ತು..." ಎಂದ.

"ನನಗ್ಯಾಕ್ ಏಳೀಯೆ? ಓಗಿ ಅವ್ಳಿಗೇಳು. ನಾನು ಎಲ್ಲಾರ್ ಮುಂದೆ ಉಗ್ದಿವ್ನಿ. ನೀನೂ ಎಲ್ಲಾರ್ ಮುಂದೇನೆ ಏಳು."

ಮರುದಿನ ಹೆಂಗಸರು ಕೆಲಸಕ್ಕೆ ಬರುವ ಹೊತ್ತಿಗೆ ಚಿಕ್ಕಸಿದ್ದಯ್ಯ ಶೆಡ್ಡಿನ ಗೋಡೆಗೆ ಏಣಿ ಹಾಕಿದ್ದ. ಮಾಲೀಕರೇ ಏನೋ ಬರೆಸುತ್ತಿರಬೇಕೆಂದು ಯಾರೂ ತಡೆಯಲಿಲ್ಲ. ಸುಣ್ಣದ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆದ: "ಗೋವಿಂದಮ್ಮನ ಹೆಸರು ಹೇಳಿದ್ದು ಪುಟ್ಟಗೌರಮ್ಮ ಅಲ್ಲ, ನಾನು. ಅಕ್ಷರ ಹೇಳಿಕೊಟ್ಟಿದ್ದೂ ನಾನೇ. ಅವಳು ಬರೆದ ಮಾತು ನಿಜ. ಪೇಂಟರ್ ಚಿಕ್ಕಸಿದ್ದಯ್ಯ."

ಓದು ಬಾರದ ಪುಟ್ಟಗೌರಮ್ಮ ಪಕ್ಕದವಳಿಂದ ಓದಿಸಿಕೊಂಡಳು. ಇನ್ನೊಂದು ಸಲ ಓದು ಎಂದಳು. ಏಣಿಯಿಂದ ಇಳಿದು ತಲೆತಗ್ಗಿಸಿ ನಿಂತ ಅವನನ್ನು ದಾಟಿ, ಶೆಡ್ಡಿನೊಳಕ್ಕೂ ಹೋಗದೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹನೂರಿನ ಬಸ್ಸು ಬರುವ ಕಡೆಗೆ ನಡೆದಳು. ವೃಷಭೇಂದ್ರಪ್ಪನವರ ಆಳುಗಳು ಬಂದು ಏಣಿ ಕಿತ್ತುಕೊಂಡರು. ಆಮೇಲೆ ಆ ಊರಿನ ಯಾವ ದೊಡ್ಡ ಗೋಡೆಯೂ ಅವನಿಗೆ ಸಿಗಲಿಲ್ಲ. ಯಳಂದೂರಿಗೆ ಹೋಗಿ ಎತ್ತಿನ ಗಾಡಿಗಳಿಗೆ ಬಣ್ಣ ಹಚ್ಚಿಕೊಂಡು ಬದುಕಿದ. ಗೆಳತಿಯರಿಬ್ಬರೂ ಹನೂರಿನಲ್ಲಿ ಒಟ್ಟಿಗೆ ಇಡ್ಲಿ ಮಾರುತ್ತಿದ್ದಾರೆಂದು ಯಾರೋ ಹೇಳಿದರು. ನೋಡಿ ಬರುವ ಆಸೆ ಎಷ್ಟೋ ಸಲ ಆಯಿತು, ಆದರೆ ಹೋಗುವ ಮುಖವಿರಲಿಲ್ಲ.