ಇನ್ನೊಂದು ಗಂಡನ್ನ ಯಾವ ಖಣಿಯಾಗ ಕಡಿಸ್ಲಿ?

ಶಹಾಬಾದಿನ ಕಲ್ಯಾಣಪ್ಪ ನೆಲಕ್ಕೆ ಹಾಸುವ ಫರಸಿಕಲ್ಲು ಹೊತ್ತೂ ಹೊತ್ತೂ ಹೆಗಲು ಸವೆಸಿಕೊಂಡ ಮನುಷ್ಯ. ಅಂಥವನನ್ನು ಕೊನೆಗೆ ಕೆಡವಿದ್ದು ಕಲ್ಲಲ್ಲ, ಒಂದು ಸೀನು. ಒಗ್ಗರಣೆಯ ಘಾಟಿಗೆ ಸೀನಿದ, ಪಕ್ಕೆಲುಬು ಲಟಕ್ಕೆಂದಿತು. ಜೀವಕ್ಕೇನೂ ಭಯವಿಲ್ಲ ಅಂತ ಖಾತ್ರಿಯಾದ ಮೇಲೆ ಹೆಂಡತಿ ಭಾಗಮ್ಮ ಈ ಸುದ್ದಿಯನ್ನು ಓಣಿಗೆಲ್ಲ ಸಕ್ಕರೆಯಂತೆ ಹಂಚಿದಳು.

ಉಬ್ಬಸಕ್ಕೆಂದು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಂದು ನುಂಗಿದ ಸ್ಟಿರಾಯ್ಡ್ ಗುಳಿಗೆ ಎಲುಬನ್ನು ಒಳಗಿಂದೊಳಗೇ ತಿಂದಿದೆ ಅಂದರು ಕಲಬುರಗಿಯ ಡಾಕ್ಟರು. ಅದನ್ನು ಒಮ್ಮೆಲೇ ಬಿಡುವಂತಿಲ್ಲ, ತಾವು ಹೇಳಿದಂತೆ ಇಳಿಸುತ್ತ ಬರಬೇಕು, ಎಲುಬಿಗೆ ಬೇರೆ ಔಷಧ ತಗೋಬೇಕು, ಬಾಗಿ ಭಾರ ಎತ್ತುವ ಮಾತೇ ಬೇಡ. ಕಲ್ಯಾಣಪ್ಪ ನಂಬಲಿಲ್ಲ. ಗುಳಿಗೆ ಶುರುವಾದಾಗಿನಿಂದ ಮುಖ ದುಂಡಗಾಗಿ, ಕಂಡವರೆಲ್ಲ ಸಾವ್ಕಾರ್ರು ಮೈಕೈ ತುಂಬಿಕೊಂಡಾರ ಅನ್ನುತ್ತಿದ್ದರಲ್ಲ. ಆ ದುಂಡೂ ಗುಳಿಗೆಯದೇ ಅಂದಾಗ ಮಾತ್ರ ಸ್ವಲ್ಪ ಸಿಟ್ಟು ಬಂತು.

ಅವನ ಜೀವ ಸಿಕ್ಕಿಕೊಂಡದ್ದು ಬೇರೆ ಕಡೆ. ಕಾಳಗಿ ಊರಿಗೆ ಮದುವೆ ಮಾಡಿಕೊಟ್ಟ ಮಗಳು ಶಿವಗಂಗಾಳ ಹೊಸ ಅಡುಗೆಮನೆಗೆ ಕಟ್ಟೆಯ ಕಲ್ಲನ್ನು ನನ್ನ ಕೈಯಾರೆ ಕೂಡಿಸುತ್ತೀನಿ ಅಂತ ಮಾತು ಕೊಟ್ಟಿದ್ದ. ನೋವು ಇಳಿದದ್ದೇ ತಡ, ಕಲ್ಲು ತುಂಬಿದ ಟೆಂಪೊ ಹತ್ತಿದ. ಭಾಗಮ್ಮನೂ ಹತ್ತಿದಳು.

ಕಾಳಗಿಯಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿ ಬಾಬುಮಿಯಾನ ಆಳುಗಳು ಕಲ್ಲಿಳಿಸಿ ಅಂಗಳದಲ್ಲಿ ಮಲಗಿಸಹೊರಟಾಗ ಕಲ್ಯಾಣಪ್ಪ ಗದರಿದ.

"ನಿಲ್ಲಿಸಿ ಇಡ್ರೋ. ಅಡ್ಡ ಹಾಕಿದ್ರ ತನ್ನ ಭಾರಕ್ಕ ತಾನೇ ಮುರೀತದ."

ಹಾಗಂದು, ಕಟ್ಟೆಯ ಕಲ್ಲಿನ ಅಂಚಿಗೆ ಕೈಹಾಕಿ ತಾನೇ ಬಾಗಿದ.

"ಅಲ್ರಿ, ಕಲ್ಲಿನ ನಡಾ ಮುರೀಬಾರ್ದಂತ ಇಷ್ಟು ಕಾಳಜಿ ಮಾಡ್ತೀರಿ," ಅಂದಳು ಭಾಗಮ್ಮ. "ನಿಮ್ಮ ನಡಾ ಮುರದ್ರ ಇನ್ನೊಂದು ಗಂಡನ್ನ ಯಾವ ಖಣಿಯಾಗ ಕಡಿಸ್ಲಿ?"

ಬಾಬುಮಿಯಾ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಭುಜ ಕುಣಿಯುತ್ತಿತ್ತು. ಕಲ್ಯಾಣಪ್ಪ ಬಾಗಿದವನು ಬಾಗಿದಂತೆಯೇ ಇದ್ದ. ಹೆಂಡತಿಯ ಮಾತಿನಲ್ಲಿ ನಗೆಯಿತ್ತು, ಆದರೆ ಅವಳ ಕೈ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಅದನ್ನು ನೋಡಿದ. ಕಲ್ಲಿನ ಮೇಲೆ ಬೆರಳಿನ ಗಿಣ್ಣಿನಿಂದ ಬಡಿದ. ಠಣ್ ಅಂದಿತು. ಒಳಗೆ ಬಿರುಕಿಲ್ಲ. ಮೆಲ್ಲಗೆ ನೆಟ್ಟಗಾಗಿ, ಎತ್ತಪ್ಪ ಬಾಬು ಅಂದ.

ಕುರ್ಚಿಯಲ್ಲಿ ಕೂತೇ ಎಡಕ್ಕೆ, ಬಲಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ ಅಂತ ಬಾಬುಮಿಯಾನ ಪ್ರಾಣ ತಿಂದ. ಕಲ್ಲು ಕೂತಿತು. ಅಷ್ಟರಲ್ಲಿ ಅಂಗಳದ ಒಲೆಯಲ್ಲಿ ಶಿವಗಂಗಾ ಬ್ಯಾಳಿಗೆ ಒಗ್ಗರಣೆ ಕೊಟ್ಟಳು. ಘಾಟು ಬಂತು, ಕಲ್ಯಾಣಪ್ಪನ ಮೂಗು ಅರಳಿತು. ಭಾಗಮ್ಮ ಓಡಿಬಂದು ತೋಳಿಗೆ ಕೈಕೊಟ್ಟು ಎಬ್ಬಿಸಿದಳು.

"ಬಾಗಬ್ಯಾಡ್ರಿ. ಸೀನೂದಾದ್ರ ನಿಂತು ಸೀನ್ರಿ."

ಅವಳ ಹೆಗಲು ಹಿಡಿದು, ಫರಸಿಕಲ್ಲಿನಂತೆ ನೆಟ್ಟಗೆ ನಿಂತು ಸೀನಿದ. ಎಲ್ಲರೂ ಕಿವಿಗೊಟ್ಟರು. ಲಟಕ್ಕೆನ್ನಲಿಲ್ಲ.