ತಪಾಸಣೆಯ ಕೊನೆಯ ಅಂಗಡಿ

ನಮ್ಮ ಕಚೇರಿಗೆ ಸುಧಾರಣೆ ಬರುತ್ತದೆ ಎಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸುಧಾರಣೆ ಆಗಾಗ ಬರುತ್ತದೆ, ಗೋಡೆಗೆ ಹೊಸ ಫಲಕ ಹೊಡೆಸುತ್ತದೆ, ಹೋಗುತ್ತದೆ. ಈ ಸಲದ್ದು ಹಾಗಿರಲಿಲ್ಲ. ಮೇಲಿನ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಅಂಗಡಿ ಪರವಾನಗಿ ವಿಭಾಗದ ಮೂಲೆಯಲ್ಲಿ ಮೇಜು ಹಾಕಿಸಿಕೊಂಡು, ಒಂದೊಂದೇ ನಿಯಮ ತೆಗೆದು, "ಇದು ನಾಳೆಯಿಂದ ಇಲ್ಲ ಅಂದ್ರೆ ಯಾರಿಗೆ ತೊಂದರೆ?" ಎಂದು ಕೇಳತೊಡಗಿದರು. ಯಾರಿಗೂ ಇಲ್ಲವೆಂದಾದರೆ ಆ ನಿಯಮದ ಕಥೆ ಮುಗಿಯಿತು. ಒಂದೇ ಅರ್ಜಿಗೆ ಮೂರು ನಕಲು ಕೇಳುವುದು ಹೋಯಿತು. ನಕಲು ನಕಲೇ ಹೌದು ಎಂದು ಇನ್ನೊಬ್ಬರಿಂದ ರುಜು ಹಾಕಿಸುವುದು ಹೋಯಿತು. ನಾವು ಅವರಿಗೆ ಕತ್ತರಿ ಮೇಡಂ ಎಂದು ಹೆಸರಿಟ್ಟೆವು. ಹೆಸರಿಟ್ಟು ನಕ್ಕವರಲ್ಲಿ ನಾನೇ ಮೊದಲಿಗ. ಕತ್ತರಿ ನನ್ನ ಬುಡಕ್ಕೂ ಬರುತ್ತದೆಂದು ಆಗ ಹೊಳೆಯಲಿಲ್ಲ.

ನಾನು ತಪಾಸಣೆಯವನು. ಪೇಟೆಯ ಸಣ್ಣ ಅಂಗಡಿಗಳು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸಬೇಕು. ಅರ್ಜಿ ಬಿದ್ದ ಎರಡು ವಾರದೊಳಗೆ ನಾನು ಹೋಗಿ, ನೋಡಿ, 'ಸರಿಯಿದೆ' ಎಂದು ಬರೆದರೆ ಮಾತ್ರ ಕಾಗದ ಮುಂದಕ್ಕೆ ಚಲಿಸುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನು. ಯಾವ ದಿನ ಬರುತ್ತೇನೆಂದು ಮುಂಚೆ ಹೇಳುವಂತಿಲ್ಲ. ಹೇಳಿದರೆ ಜನ ಬಚ್ಚಿಡಬೇಕಾದದ್ದನ್ನು ಬಚ್ಚಿಟ್ಟುಬಿಡುತ್ತಾರೆ ಎಂಬುದು ನಿಯಮ ಬರೆದವರ ಎಣಿಕೆ. ಹಿಂಬಾಗಿಲಿಗೆ ಏನೂ ಅಡ್ಡ ಇರಬಾರದು, ಒಲೆಗೂ ಸಾಮಾನಿಗೂ ನಡುವೆ ಮಾರುದ್ದ ಜಾಗ ಬೇಕು, ಬೆಂಕಿ ಬಿದ್ದರೆ ಆರಿಸಲು ಮರಳು ತುಂಬಿದ ಬಕೆಟ್ಟು ಇರಬೇಕು. ಟೇಪು ಹಿಡಿದು ಇದನ್ನೆಲ್ಲ ನೋಡುವುದೇ ನನ್ನ ಉದ್ಯೋಗ.

ಯಾರ ಹತ್ತಿರವೂ ಕೈ ಚಾಚಿದವನಲ್ಲ ನಾನು. ಇದನ್ನು ಜಂಭದಿಂದಲೇ ಹೇಳುತ್ತೇನೆ, ಜಂಭಪಡಲು ನನ್ನ ಹತ್ತಿರ ಬೇರೇನೂ ಇಲ್ಲ. ಒಂದು ಲೋಟ ಟೀ, ಅದೂ ಬಲವಂತ ಮಾಡಿದರೆ. ಕೈ ಶುದ್ಧವಾಗಿರುವವನು ಬಂದು ನೋಡಿ ಹೋದರೆ ಅಂಗಡಿಯವರ ಗಂಟೇನು ಹೋಗುತ್ತದೆ? ಹಾಗೆಂದು ಗಟ್ಟಿಯಾಗಿ ನಂಬಿಕೊಂಡಿದ್ದೆ.

ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾತು ನಿಂತುಹೋಗಿತ್ತು. ಮಕ್ಕಳಿಲ್ಲ. ಭಾವಮೈದುನನೊಬ್ಬ ಅಪರೂಪಕ್ಕೆ ಫೋನ್ ಮಾಡಿ, "ಭಾವ, ಊಟ ಆಯ್ತಾ?" ಎನ್ನುತ್ತಾನೆ. ಆಯಿತೆಂದರೆ "ಸರಿ ಹಾಗಾದ್ರೆ" ಎಂದು ಇಡುತ್ತಾನೆ. ಆಗಿಲ್ಲ ಎಂದರೆ ಏನು ಹೇಳುತ್ತಾನೋ, ಒಮ್ಮೆಯೂ ಪರೀಕ್ಷಿಸಲಿಲ್ಲ. ಭಾನುವಾರ ಪೂರ್ತಿ ಬಾಯಿ ತೆರೆಯದೆ ಕಳೆದು, ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಗಂಟಲು ಕೆರೆದು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಅಂಥವನಿಗೆ ತಪಾಸಣೆಯ ಸುತ್ತಾಟವೇ ಸಂಸಾರ. ಬೀಗದ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಎದ್ದು ನಿಲ್ಲುವನು. ಪುಸ್ತಕಕ್ಕೆ ರಟ್ಟು ಕಟ್ಟುವ ಮುದುಕ, ಹಿಂದಿನ ವರ್ಷ ನಾನು ಹೇಳಿದ್ದ ಜೋಕನ್ನೇ ಮತ್ತೆ ಹೇಳಿದರೂ ಹೊಟ್ಟೆ ಹಿಡಿದುಕೊಂಡು ನಗುವನು. ನನ್ನ ಜೋಕುಗಳು ಚೆನ್ನಾಗಿರುತ್ತವೆ ಅಂದುಕೊಂಡಿದ್ದೆ.

ಎಲ್ಲಕ್ಕಿಂತ ಕೊನೆಯಲ್ಲಿ ಲಾಂಡ್ರಿ. ಪೇಟೆಯ ತುದಿಯ ಗಲ್ಲಿಯಲ್ಲಿ ಗಂಡ ಸತ್ತ ಹೆಂಗಸೊಬ್ಬಳು ನಡೆಸುತ್ತಿದ್ದ ಅಂಗಡಿ ಅದು. ಒಳಗೆ ಬಿಸಿ ಆವಿ, ಸೋಪಿನ ವಾಸನೆ, ಗೋಡೆಯುದ್ದಕ್ಕೂ ಮಡಿಸಿಟ್ಟ ಬಟ್ಟೆ. ನಾವು ಕಚೇರಿಯಲ್ಲಿ ಆಕೆಯನ್ನು ಲಾಂಡ್ರಿಯಮ್ಮ ಎನ್ನುತ್ತಿದ್ದೆವು. ಆಕೆಯ ಅರ್ಜಿ ಎಂದು ಬಂದರೂ ಸರಿ, ಎರಡು ವಾರದ ಕಟ್ಟಕಡೆಯ ದಿನದವರೆಗೆ ಆ ಅಂಗಡಿಯನ್ನು ಉಳಿಸಿಕೊಳ್ಳುತ್ತಿದ್ದೆ. ಮಕ್ಕಳು ತಟ್ಟೆಯಲ್ಲಿ ಸಿಹಿಯನ್ನು ಕೊನೆಗೆ ಉಳಿಸಿಕೊಳ್ಳುವುದಿಲ್ಲವೇ, ಹಾಗೆ. ಅಲ್ಲಿ ಅಳತೆ ಬೇಗ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿದ್ದ ಕಾಲದ್ದನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಆಕೆಯೊಬ್ಬಳ ಮುಂದೆ. ನಾನು ಹೇಳುವಷ್ಟು ಹೊತ್ತೂ ಆಕೆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಕೈ ಕಟ್ಟಿಕೊಂಡು ನಿಂತು ಕೇಳಿದ್ದಳು. ಕೆಲಸ ಬಿಟ್ಟು ನನ್ನ ಮಾತು ಕೇಳುವವರೂ ಇದ್ದಾರಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಎದೆ ತುಂಬಿ ಬಂದಿತ್ತು.

ಒಂದು ದಿನ ಕತ್ತರಿ ಮೇಡಂ ನನ್ನನ್ನು ಕರೆದರು.

"ಸಣ್ಣ ಅಂಗಡಿಗಳ ತಪಾಸಣೆ ತೆಗೆಯೋಣ ಅಂತಿದೀನಿ ಸರ್. 'ಎಲ್ಲಾ ಸರಿಯಿದೆ' ಅಂತ ಅವರೇ ಬರೆದು ಕೊಡ್ಲಿ. ದೂರು ಬಂದ್ರೆ ಮಾತ್ರ ಹೋಗೋಣ. ನಿಮ್ಮ ಅಭಿಪ್ರಾಯ ಇಲ್ದೆ ಮಾಡಲ್ಲ. ಮುಂದಿನ ವಾರ ಅಂಗಡಿಯವರನ್ನೂ ಕರೆಸ್ತೀನಿ, ಅವರ ಮುಂದೇನೇ ಹೇಳಿ."

"ಅವರೇ ಬರೆದು ಕೊಡೋದಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಆಗುತ್ತೆ ಮೇಡಂ."

"ಇಷ್ಟು ವರ್ಷದಲ್ಲಿ ಈ ಸಣ್ಣ ಅಂಗಡಿಗಳಲ್ಲಿ ನಿಮಗೆ ಏನೇನು ಸಿಕ್ಕಿದೆ?"

ಯೋಚಿಸಿದೆ. ಒಂದು ಅಂಗಡಿಯಲ್ಲಿ ಮರಳಿನ ಬಕೆಟ್ಟನ್ನು ಅವರ ಬೆಕ್ಕು ಕಕ್ಕಸು ಮಾಡಿಕೊಂಡಿತ್ತು. ಅದನ್ನು ಹೇಳಿದೆ. ಅವರು ನಗದೆ ಬರೆದುಕೊಂಡರು. ಇಂಥವರ ಹತ್ತಿರ ಏಗುವುದು ಕಷ್ಟ.

ಆ ವಾರ ನನಗೆ ನಿದ್ದೆ ಬರಲಿಲ್ಲ. ಸಂಬಳಕ್ಕೇನೂ ಕುತ್ತಿರಲಿಲ್ಲ, ಇನ್ನೊಂದು ಕುರ್ಚಿ ಕೊಡುತ್ತಿದ್ದರು. ಆದರೆ ತಪಾಸಣೆ ಹೋದರೆ ಆ ಬಾಗಿಲುಗಳಿಗೆ ನಾನು ಯಾವ ಮುಖ ಹೊತ್ತು ಹೋಗಲಿ? ಬೀಗ ಕೊಳ್ಳುವವನಲ್ಲ, ರಟ್ಟು ಕಟ್ಟಿಸುವವನಲ್ಲ, ಬಟ್ಟೆ ಮನೆಯಲ್ಲೇ ಒಗೆದುಕೊಳ್ಳುವವನು. ಕೂತು ಟಿಪ್ಪಣಿ ಬರೆದೆ: ಬೆಂಕಿ, ಜೀವಹಾನಿ, ಸರ್ಕಾರದ ಹೊಣೆ. ಒಂದೂ ಸುಳ್ಳಲ್ಲ. ನಿಜವಾದ ಕಾರಣ ಮಾತ್ರ ಅದರಲ್ಲಿರಲಿಲ್ಲ. ಅಂಗಡಿಯವರು ನನ್ನ ಪರ ನಿಲ್ಲುತ್ತಾರೆ, ಅದರಲ್ಲೂ ಲಾಂಡ್ರಿಯಮ್ಮ ನಿಂತೇ ನಿಲ್ಲುತ್ತಾಳೆ ಎಂಬ ಧೈರ್ಯ ಇತ್ತು.

ಸಭೆಯ ದಿನ ಅವರೆಲ್ಲ ಒಗೆದ ಅಂಗಿ ಹಾಕಿಕೊಂಡು ಬಂದು ಸಾಲಾಗಿ ಕೂತಿದ್ದರು. ಅಂಗಡಿಯ ಆಚೆ ಅವರನ್ನು ನೋಡಿದ್ದು ಅದೇ ಮೊದಲು. ಮೇಡಂ ಕೇಳಿದರೆ ಒಬ್ಬರೂ ಬಾಯಿ ಬಿಡರು. ಬೀಗದವನು "ಸಾಹೇಬ್ರು ಒಳ್ಳೇವ್ರು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಮುದುಕ ಅದಕ್ಕೆ ತಲೆಯಾಡಿಸಿದ.

"ಅವರು ಒಳ್ಳೆಯವರೋ ಅಲ್ವೋ ಅಂತ ನಾನು ಕೇಳ್ತಿಲ್ಲ" ಎಂದರು ಮೇಡಂ. "ಅವರು ಬರೋದ್ರಿಂದ ನಿಮಗೆ ಏನಾಗುತ್ತೆ, ಅಷ್ಟು ಹೇಳಿ."

ಎದ್ದು ನಿಂತವಳು ಲಾಂಡ್ರಿಯಮ್ಮ. ನಾನು ನೆಟ್ಟಗೆ ಕೂತೆ.

"ಸಾಹೇಬ್ರು ನಮ್ಮ ಹತ್ರ ಒಂದು ಕರ್ಚೀಫೂ ತಗೊಂಡವರಲ್ಲಮ್ಮ. ಅವರ ಮೇಲೆ ದೂರಿಲ್ಲ. ಆದ್ರೆ ಯಾವತ್ತು ಬರ್ತಾರೆ ಗೊತ್ತಿರಲ್ಲ ನೋಡಿ. ನಮ್ಮದು ಸಣ್ಣ ಜಾಗ. ಹೋಟೆಲ್‌ನೋರ ಹಾಸಿಗೆ ಬಟ್ಟೆ ಬಂತು ಅಂದ್ರೆ ಹಿಂಬಾಗಿಲ ತನಕ ರಾಶಿ ಬೀಳುತ್ತೆ. ಅದೇ ಹೊತ್ತಿಗೆ ಸಾಹೇಬ್ರು ಬಂದ್ಬಿಟ್ರೆ? ಅದಕ್ಕೆ ಅರ್ಜಿ ಕೊಟ್ಟ ದಿನದಿಂದ ಹೋಟೆಲ್ ಬಟ್ಟೆ ಬೇಡ ಅಂತೀನಿ. ಅವರು ಬಂದು ಹೋಗೋ ತನಕ ಬರೀ ಬಿಡಿ ಬಟ್ಟೆ."

"ಬೇಗ ಬಂದು ಹೋದ್ರೆ ಅಷ್ಟು ನಷ್ಟ ಆಗಲ್ಲ, ಅಲ್ವಾ?" ಎಂದರು ಮೇಡಂ.

"ಬೇರೆಯವರಿಗೆ ಎರಡು ಮೂರು ದಿನಕ್ಕೇ ಬಂದು ಮುಗಿಸ್ತಾರಂತೆ." ಆಕೆ ನನ್ನ ಕಡೆ ನೋಡಲಿಲ್ಲ. "ನಮ್ಮ ಅಂಗಡಿಗೆ ಮಾತ್ರ ಯಾವಾಗ್ಲೂ ಕೊನೇ ದಿನ. ನನ್ನ ಮೇಲೆ ಏನೋ ಅನುಮಾನ ಇರ್ಬೇಕು ಅಂತ ನಮ್ಮಕ್ಕ ಹೇಳ್ತಾಳೆ. ಬಂದವರು ಬೇಗ ಹೋಗೋದೂ ಇಲ್ಲ, ಕೂತು ಮಾತಾಡ್ತಾರೆ. ಮಾತಲ್ಲಿ ಸಿಕ್ಕಿಸಿ ಏನೋ ತಿಳ್ಕೊಳ್ತಿದಾರೆ ಅಂತ ನಂಗೆ ಭಯ. ಕೆಲಸ ಮಾಡ್ತಾ ಕೇಳಿದ್ರೆ ಅಸಡ್ಡೆ ಅಂದ್ಕೊಂಡಾರು ಅಂತ ಎಲ್ಲಾ ಬಿಟ್ಟು ನಿಂತ್ಕೊತೀನಿ. ಅವರು ಗಲ್ಲಿ ತಿರುಗಿದ ಮೇಲೇ ಉಸಿರು ಬರೋದು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾನು ಎಷ್ಟೋ ಜನರ ಮೇಲೆ ಪ್ರಯೋಗಿಸಿದವನು. ಬೆಕ್ಕಿಗೆ ತಾನು ಬೆಕ್ಕೆಂದು ಗೊತ್ತಿರುವುದಿಲ್ಲ ಎನ್ನುವುದು ಆ ಗಾದೆಯಲ್ಲಿಲ್ಲ. ಕಿವಿ ಬಿಸಿಯಾಯಿತು. ಆಕೆಯ ಮೇಲೆ ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ನನ್ನ ಹೆಂಡತಿಯ ಸಾವಿನ ಮಾತನ್ನೂ ಈಕೆ ತನಿಖೆ ಎಂದುಕೊಂಡಳೇ? ಆಮೇಲೆ ಸಿಟ್ಟು ಇಳಿದು, ಬರೀ ನಾಚಿಕೆ ಉಳಿಯಿತು. ನಾನು ಪ್ರೀತಿಯಿಂದ ಉಳಿಸಿಕೊಂಡ ಒಂದೊಂದು ದಿನವೂ ಆಕೆಯ ಒಲೆಯಿಂದ ಕಿತ್ತುಕೊಂಡದ್ದಾಗಿತ್ತು.

ಒಬ್ಬಳು ಬಾಯಿ ಬಿಟ್ಟದ್ದೇ ತಡ, ಉಳಿದವರಿಗೂ ಬಾಯಿ ಬಂತು. ಬೀಗದವನು ಆ ದಿನಗಳಲ್ಲಿ ತಂಗಿಯ ಮನೆಗೆ ಕಷ್ಟಕ್ಕೂ ಹೋಗುವಂತಿಲ್ಲವಂತೆ, ಅಂಗಡಿ ಮುಚ್ಚಿದ್ದು ಕಂಡರೆ ಅರ್ಜಿ ವಾಪಸು ಬಂದೀತೆಂದು. ಮುದುಕ ಜೋಕಿನ ಸುದ್ದಿ ಎತ್ತಲಿಲ್ಲ. ಅಷ್ಟು ಕರುಣೆ ತೋರಿಸಿದ.

ಕೊನೆಗೆ ಮೇಡಂ ನನ್ನ ಕಡೆ ತಿರುಗಿದರು. "ಹೇಳಿ ಸರ್. ಇದು ನಾಳೆಯಿಂದ ಇಲ್ಲ ಅಂದ್ರೆ ಯಾರಿಗೆ ತೊಂದರೆ?"

ಟಿಪ್ಪಣಿ ಜೇಬಿನಲ್ಲಿತ್ತು. ಬೆಂಕಿ, ಜೀವಹಾನಿ ಎಂದು ಓದಿದ್ದರೆ ತಪಾಸಣೆ ಇನ್ನೊಂದೆರಡು ವರ್ಷ ಉಳಿಯುತ್ತಿತ್ತೋ ಏನೋ. ಬೆಂಕಿಯ ಹೆಸರು ಹೇಳಿದರೆ ಯಾವ ಅಧಿಕಾರಿಯಾದರೂ ಕತ್ತರಿ ಕೆಳಗಿಡುತ್ತಾನೆ.

"ನನಗೊಬ್ಬನಿಗೆ ಮೇಡಂ" ಎಂದೆ.

ಎಲ್ಲರೂ ನಕ್ಕರು. ಕತ್ತರಿ ಮೇಡಂ ಕೂಡ ನಕ್ಕರು, ನಾನು ನೋಡಿದ ಹಾಗೆ ಅದೇ ಮೊದಲ ಸಲ. "ನಿಮ್ಮ ಕೆಲಸ ಎಲ್ಲೂ ಹೋಗಲ್ಲ ಸರ್, ಹೆದರ್ಬೇಡಿ" ಎಂದರು. ಕೆಲಸದ ಮಾತು ಹೇಳಿದ್ದಲ್ಲ ಎಂದು ತಿದ್ದಲು ಹೋಗಲಿಲ್ಲ. ಜೀವನದಲ್ಲಿ ನಾನು ಹೇಳಿದ ಅತ್ಯುತ್ತಮ ಜೋಕು ಅದೇ ಇರಬೇಕು. ಲಾಂಡ್ರಿಯಮ್ಮ ಮಾತ್ರ ನಗದೆ ನನ್ನನ್ನು ನೋಡುತ್ತಿದ್ದಳು.

ಈಗ ನನ್ನನ್ನು ದೊಡ್ಡ ಗೋದಾಮುಗಳಿಗೆ ಕಳಿಸುತ್ತಾರೆ. ಮೊದಲು ನೋಡಿದ ಗೋದಾಮಿನಲ್ಲೇ, ಆಳುಗಳು ಒಳಗೆ ಕೆಲಸ ಮಾಡುತ್ತಿರುವಾಗ ಹಿಂಬಾಗಿಲಿಗೆ ಸರಪಳಿ ಬಿಗಿದು ಬೀಗ ಜಡಿದಿದ್ದರು. ಬೀಗ ಒಡೆಸಿದೆ. ಬೆಂಕಿ ಬೀಳುವ ಜಾಗ ಬಿಟ್ಟು ನಾವು ಇಷ್ಟು ವರ್ಷ ಬೆಕ್ಕಿನ ಬಕೆಟ್ಟು ಕಾಯುತ್ತಿದ್ದೆವು. ಮೇಡಂ ಮಾಡಿದ್ದು ಸರಿ, ಅದನ್ನು ಒಪ್ಪುತ್ತೇನೆ. ಆದರೆ ಗೋದಾಮಿನಲ್ಲಿ ಯಾರೂ "ಬನ್ನಿ" ಎನ್ನುವುದಿಲ್ಲ. ಕಾವಲಿನವನು ಗುರುತಿನ ಚೀಟಿ ನೋಡುತ್ತಾನೆ, ಮ್ಯಾನೇಜರು ಗಡಿಯಾರ ನೋಡುತ್ತಾನೆ. ಮನೆಗೆ ಬಂದು ದೀಪ ಹಾಕಿ, ಉಂಡು, ದೀಪ ಆರಿಸುತ್ತೇನೆ. ಒಂಟಿತನ ಎನ್ನುವುದು ಹಸಿವಿನ ಹಾಗೆ, ಹೊತ್ತು ಹೊತ್ತಿಗೆ ಬರುತ್ತದೆ.

ಕೆಲವು ತಿಂಗಳು ತಡೆದುಕೊಂಡೆ. ಆಮೇಲೆ ಒಂದು ದಿನ ಒಗೆಯಬೇಕಾದ ಅಂಗಿಗಳನ್ನು ಚೀಲಕ್ಕೆ ತುಂಬಿಕೊಂಡು ಲಾಂಡ್ರಿಗೆ ಹೋದೆ. ಹಿಂಬಾಗಿಲವರೆಗೆ ಹೋಟೆಲಿನ ಬಟ್ಟೆ ಗುಡ್ಡ ಬಿದ್ದಿತ್ತು. ಆಕೆ ಒಮ್ಮೆ ಬೆಚ್ಚಿ, ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟಳು. "ಬಟ್ಟೆ ಕೊಡೋಕೆ ಬಂದೆ, ಅಷ್ಟೆ" ಎಂದು ಚೀಲ ತೋರಿಸಿದೆ. ಮುಂದೆ ಇಬ್ಬರು ಗಿರಾಕಿಗಳಿದ್ದರು. ನನ್ನ ಸರದಿ ಬರುವವರೆಗೆ ನಿಂತೆ.

"ಹೆಸರೇನಂತ ಬರ್ಕೊಳ್ಳಲಿ?" ಎಂದು ಕೇಳಿದಳು. ವರ್ಷ ವರ್ಷ ನನ್ನ ರುಜು ಆಕೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ ಇತ್ತು, ಆದರೆ ಅದನ್ನು ಓದುವುದು ಬ್ರಹ್ಮನಿಂದಲೂ ಆಗದ ಕೆಲಸ. ಹೆಸರು ಹೇಳಿದೆ. ಒಬ್ಬನೇ ಇರುವುದು, ಅವಸರವೇನಿಲ್ಲ ಎಂದೂ ಹೇಳಿದೆ. ಬರೆದುಕೊಂಡು, "ಬುಧವಾರ ಬನ್ನಿ ಅಣ್ಣ" ಎಂದಳು. ಸಾಹೇಬ್ರೆ ಎನ್ನಲಿಲ್ಲ.

ಅಂದಿನಿಂದ ವಾರಕ್ಕೆ ಎರಡು ಸಲ ಹೋಗುತ್ತೇನೆ, ಕೊಡಲು ಒಮ್ಮೆ, ತರಲು ಒಮ್ಮೆ. ಆಕೆ ಇಸ್ತ್ರಿ ಮಾಡುತ್ತಲೇ ಎರಡು ಮಾತಾಡುತ್ತಾಳೆ. ಹಿಂದೆ ಇನ್ನೊಬ್ಬ ಗಿರಾಕಿ ಬಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಒಬ್ಬ ಮನುಷ್ಯನಿಗೆ ಎಷ್ಟು ಬಟ್ಟೆ ಕೊಳೆಯಾಗುತ್ತದೆ? ಹಾಗಾಗಿ ಹೊಸ ಅಂಗಿಗಳನ್ನು ಕೊಂಡೆ. ಬೆಳಗ್ಗೆ ಒಂದು ಹಾಕುತ್ತೇನೆ, ಕಚೇರಿಯಿಂದ ಬಂದು ಇನ್ನೊಂದು ಹಾಕುತ್ತೇನೆ. ಹಾಕದ್ದನ್ನೂ ಒಮ್ಮೊಮ್ಮೆ ಮುದುರಿ ಚೀಲಕ್ಕೆ ಸೇರಿಸುತ್ತೇನೆ.

ಮೊನ್ನೆ ಆಕೆ ಚೀಲ ಸುರಿದು ನೋಡಿ, "ಅಣ್ಣ, ಒಬ್ರೇ ಇರೋದು ಅಂದಿದ್ರಲ್ಲ, ಇದೇನು ಇಷ್ಟೊಂದು?" ಎಂದಳು.

"ಭಾವಮೈದುನ ಬಂದಿದ್ದಾನೆ" ಎಂದೆ. "ಇನ್ನು ನಮ್ಮನೇಲೇ ಇರ್ತಾನಂತೆ."

ಆಕೆ ಒಂದು ಅಂಗಿಯ ಕಾಲರ್ ಮಗುಚಿ ಅಳತೆ ನೋಡಿದಳು. ಇನ್ನೊಂದನ್ನು ತೆಗೆದು ಅದರ ಕಾಲರನ್ನೂ ಮಗುಚಿದಳು. ಮೂರನೆಯದಕ್ಕೆ ಕೈ ಹಾಕಿದವಳು ಮಗುಚದೆ ಹಾಗೆಯೇ ಕೆಳಗಿಟ್ಟಳು.

"ಒಳ್ಳೇದಾಯ್ತು ಬಿಡಿ ಅಣ್ಣ. ಮನೆ ಅಂದ್ಮೇಲೆ ಜನ ಇರ್ಬೇಕು" ಎಂದಳು. ಆಮೇಲೆ ಚೀಟಿ ತೆಗೆದು, ಅಷ್ಟೂ ಅಂಗಿಗಳನ್ನು ನನ್ನೊಬ್ಬನ ಹೆಸರಿಗೇ ಬರೆದುಕೊಂಡಳು.