ಮುಚ್ಚಿದ್ದಾನೆಯೇ, ಮುಚ್ಚುತ್ತಾನೆಯೇ

ತಂಪುಕೋಣೆಯ ಬಾಗಿಲು ತೆರೆದೊಡನೆ ಹೆರ್ಮಾನಿಯಾಳ ಮೂಗು ಉರಿಯಿತು. ಅಮೋನಿಯಾ. ಗುಲಾಬಿಗಳನ್ನು ತಣ್ಣಗಿಡುವ ಕೊಳವೆ ಒಳಗೆಲ್ಲೋ ಸಣ್ಣಗೆ ಸೋರುತ್ತಿತ್ತು.

ಸಂಜೆಯ ವಿಮಾನಕ್ಕೆ ಲಾರಿ ಹೊರಡಬೇಕಿತ್ತು. ಪ್ರೇಮಿಗಳ ದಿನ ಹತ್ತಿರ ಬಂದರೆ ನಮ್ಮ ಕಯಾಂಬೆಯ ಯಾವ ಗುಲಾಬಿ ತೋಟದಲ್ಲೂ ಕೆಲಸ ನಿಲ್ಲಿಸುವ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಬೇಕಾದವಳು ಈಗ ಅವಳೇ. ಹೂ ಕಟ್ಟುವ ಮೇಜಿನಿಂದ ಮೇಲೆದ್ದು ವ್ಯವಸ್ಥಾಪಕಿಯಾದವಳು, ಇದು ಅವಳ ಮೊದಲ ಹಂಗಾಮು. ಇವಳ ಕೈಲಾದೀತೇ ಎಂದು ಮಾಲೀಕ ದೊನ್ ರೆನಾನ್ ರಾಜಧಾನಿ ಕೀಟೋದಲ್ಲಿ ಕೂತು ನೋಡುತ್ತಿದ್ದ. ಅಂಗಳದಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ ಹೂ ಕಟ್ಟುವ ಹೆಂಗಸರೂ ನೋಡುತ್ತಿದ್ದರು.

ಅವಳು ಯಂತ್ರದ ಮೇಸ್ತ್ರಿ ಓಲ್ಮೆದೊಗೆ ಫೋನ್ ಮಾಡಿ, ಅನಿಲದ ಕವಾಟ ಮುಚ್ಚಲು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಾಡಿ, ಮುಚ್ಚಿದೆಯಾ ಎಂದು ಕೇಳಿದಳು.

"ಯಾ ಮಿಸ್ಮೊ, ಸೆನ್ಯೊರಾ," ಎಂದ ಅವನು.

ನಮ್ಮಲ್ಲಿ ಎಲ್ಲರೂ ಎಲ್ಲದಕ್ಕೂ ಹೇಳುವ ಮಾತು ಅದು. 'ಇನ್ನೇನು' ಅಂದ ಹಾಗೆ. ಇನ್ನೇನು ಆಯ್ತು ಅಂತಲೂ ಆಗಬಹುದು, ಇನ್ನೇನು ಹೊರಟೆ ಅಂತಲೂ ಆಗಬಹುದು. ಬಸ್ಸಿಗೆ ಕಾಯುವವರಿಗೂ, ಸಾಯುತ್ತಿರುವವರ ಮಂಚದ ಬಳಿ ಕೂತವರಿಗೂ ಅದೇ ಮಾತು. ಹುಟ್ಟಿದಾಗಿನಿಂದ ಅದನ್ನು ಕೇಳುತ್ತ ಬಂದ ಹೆರ್ಮಾನಿಯಾ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ತನಗೆ ಬೇಕಾದ ಅರ್ಥವನ್ನು ಆರಿಸಿಕೊಂಡು ಹೆಂಗಸರಿಗೆ ಒಳಗೆ ಹೋಗಲು ಹೇಳಿದಳು.

ತಾರ್ಹೇಲಿಯಾ ಮಾತ್ರ ಹೊಸ್ತಿಲಲ್ಲಿ ನಿಂತಳು. ಹೆರ್ಮಾನಿಯಾಳ ಮಗಳಿಗೆ ಚರ್ಚಿನಲ್ಲಿ ಧರ್ಮತಾಯಿಯಾಗಿ ನಿಂತವಳು ಅವಳು, ಅದೇ ಮೇಜಿನ ಹಳೆಯ ಜೊತೆಗಾತಿ.

"ಏನೇ, ಮೂಗು ಕಳಕೊಂಡ್ಯಾ ದೊಡ್ಡ ಕುರ್ಚಿಗೆ ಹೋದ್ಮೇಲೆ?"

"ಮುಚ್ಚಿದಾರಂತೆ. ಹಳೇ ವಾಸನೆ ಅದು. ಹೋಗು."

"ನೀನ್ ಹೇಳ್ತಿದೀಯಾ ಅಂತ ಹೋಗ್ತೀನಿ ನೋಡು," ಎಂದು ನಗುತ್ತ ತಾರ್ಹೇಲಿಯಾ ಒಳಗೆ ಹೋದಳು.

ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಮೇಜು ಎಳೆದ ಸದ್ದು, ಯಾರದೋ ಕೆಮ್ಮು. ಚಳಿಯ ಕೆಮ್ಮು ಇರಬೇಕು. ಮತ್ತೊಂದು ಕೆಮ್ಮು. ಮುಚ್ಚಿದಾರಂತೆ ಎಂದೆನಲ್ಲ, ಓಲ್ಮೆದೊ ಹಾಗೆಲ್ಲಿ ಹೇಳಿದ? ಮತ್ತೆ ಫೋನ್ ಮಾಡಿದಳು.

"ಮುಚ್ಚಿದೀಯೋ, ಮುಚ್ತೀಯೋ? ಒಂದು ಹೇಳು."

ಅವನು ಗೇಟಿನ ಹತ್ತಿರವಿದ್ದ. ಸೂಪು ಕುಡಿದು ಬರುತ್ತಿದ್ದನಂತೆ.

ಅವಳು ಬಾಗಿಲನ್ನು ಎರಡೂ ಕೈಯಲ್ಲಿ ಎಳೆದಳು. ಗುಲಾಬಿಗಳ ನಡುವೆ ಬಿಳಿ ಮಂಜು ಮೊಣಕಾಲಿನವರೆಗೆ ಹರಡಿತ್ತು. ಹೊರಗೆ ಬನ್ನಿ ಎಂದು ಕೂಗಿ ಬಾಗಿಲನ್ನು ಹೆಗಲಿನಿಂದ ಒತ್ತಿ ಹಿಡಿದಳು. ಹೆಂಗಸರು ಶಾಲಿನಲ್ಲಿ ಮುಖ ಮುಚ್ಚಿ ಒಬ್ಬರನ್ನೊಬ್ಬರು ತಳ್ಳುತ್ತ ಬಂದರು. ತಾರ್ಹೇಲಿಯಾ ಬರಲಿಲ್ಲ.

ಅಷ್ಟರಲ್ಲಿ ದೊನ್ ರೆನಾನ್‌ನ ಫೋನ್. ಕೋಣೆಯ ತಾಪ ಏರಿದ್ದು ಕೀಟೋದಲ್ಲಿ ಅವನ ಪರದೆಯ ಮೇಲೆ ಕಾಣಿಸಿತ್ತು. ಬಾಗಿಲು ತೆರೆದಿಟ್ಟರೆ ಇಡೀ ಕೋಣೆಯ ಹೂವು ಅರಳಿಹೋಗಿ ಮಾರಾಟಕ್ಕೆ ಬಾರದು, ಯಾರನ್ನು ಕೇಳಿ ತೆರೆದೆ ಎಂದು ಅವನು ಕೇಳುತ್ತಿದ್ದ. ಅವಳು ಫೋನನ್ನು ನೆಲದ ಮೇಲಿಟ್ಟಳು. ಒಳಗೆ ಹೋಗಬಾರದೆಂದು ಗೊತ್ತಿತ್ತು. ಹೋದವರೂ ಬೀಳುತ್ತಾರೆ. ನಿಂತರೆ, ತಾನು ನಿಂತೆ ಎಂಬುದು ಜೀವಮಾನವಿಡೀ ಉಳಿಯುತ್ತದೆ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಕಣ್ಣು ಉರಿದು ಏನೂ ಕಾಣಲಿಲ್ಲ. ಅವಳು ತಾರ್ಹೇಲಿಯಾಳ ಹೆಸರು ಹಿಡಿದು ಕೂಗತೊಡಗಿದಳು, ಕುರುಡರಿಗೆ ದಾರಿ ತೋರಿಸುವವರಂತೆ, ನಿಲ್ಲಿಸದೆ.

ಮಂಜಿನೊಳಗಿಂದ ಒಂದು ಕೈ ಬಂತು. ಹೆರ್ಮಾನಿಯಾ ಅದನ್ನು ಹಿಡಿದು ಎಳೆದಳು.

ಆಮೇಲೆ ಓಲ್ಮೆದೊ ಓಡಿ ಬಂದು ಕವಾಟ ಮುಚ್ಚಿದ. ಹೆಂಗಸರು ಹುಲ್ಲಿನ ಮೇಲೆ ಕೂತು ಕಣ್ಣು ತೊಳೆದುಕೊಂಡರು. ಮತ್ತೆ ಯಾವಾಗ ಶುರು ಎಂದು ದೊನ್ ರೆನಾನ್ ಫೋನಿನಲ್ಲಿ ಕೇಳಿದಾಗ, ಹೆರ್ಮಾನಿಯಾ ಇವತ್ತು ಇಲ್ಲ ಎಂದಳು. ತಪ್ಪು ಯಾರದೆಂದು ಅವನು ಕೇಳಿದಾಗ ಓಲ್ಮೆದೊನ ಹೆಸರು ನಾಲಿಗೆಯ ತುದಿಗೆ ಬಂತು. ಒಳಗೆ ಕಳಿಸಿದ್ದು ನಾನು ಎಂದಳು.

ತಾರ್ಹೇಲಿಯಾಳ ಪಕ್ಕ ಕೂತು ಅವಳ ಬೆನ್ನು ಸವರಿದಳು. ಸಾವರಿಸಿಕೊಂಡ ಮೇಲೆ ತಾರ್ಹೇಲಿಯಾ ಆ ಕೈಯನ್ನು ಮೆಲ್ಲಗೆ ತೆಗೆದಿಟ್ಟಳು.

"ನಿನ್ನ ಮಾತು ಕೇಳಿ ಒಳಗೆ ಹೋಗೋದು ಇನ್ನು ನನ್ನಿಂದಾಗಲ್ಲ ಕಣೇ. ಕೋಪ ಅಲ್ಲ. ಭಯ."

ಹೆರ್ಮಾನಿಯಾ ತಲೆಯಾಡಿಸಿದಳು. ನಾಳೆ ಬೆಳಗ್ಗೆ ಅದೇ ಬಾಗಿಲ ಮುಂದೆ ನಿಂತು ಇವರಿಗೆಲ್ಲ ಒಳಗೆ ಹೋಗಿ ಎನ್ನಬೇಕಾದವಳೂ ಅವಳೇ.